ಬೇಕರಿಗೂ ಬರಲಿ ನಮ್ಮ ಸಿಹಿಗುಂಬಳ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಕುಂಬಳಕಾಯಿ ಕೇಕಿನ ಬರಹವನ್ನು ಆಸಕ್ತಿಯಿಂದ ಓದಿದೆ. ಮುಂಗಾರು ಹಿಂದೆ ಸರಿದು, ತೊಗರಿ ಹೂ ಬಿಡುವ, ಹಿಂಗಾರಿ ಜೋಳದ ಬಿತ್ತನೆ ನಡೆಯುವ ಈ ದಿನಗಳಲ್ಲಿ ಕಲಬುರಗಿಯ ಕಣ್ಣಿ ಮಾರ್ಕೆಟ್ಟಿಗೆ ಹೊಸ ಕುಂಬಳಕಾಯಿ ಬರತೊಡಗಿರುವಾಗಲೇ ಈ ಬರಹ ಪ್ರಕಟವಾದದ್ದು ಸಂತೋಷದ ಸಂಗತಿ. ಆದರೆ ಅದರಲ್ಲಿ ವಿದೇಶದಿಂದ ಬರುವ ಡಬ್ಬಿಯ ಕುಂಬಳದ ತಿರುಳನ್ನೂ ‘ಪಂಪ್ಕಿನ್ ಸ್ಪೈಸ್’ ಎಂಬ ಸಿದ್ಧ ಮಸಾಲೆ ಪುಡಿಯನ್ನೂ ಬಳಸಲು ಹೇಳಿರುವುದರಿಂದ, ಕಲ್ಯಾಣ ಕರ್ನಾಟಕದ ಬಹುತೇಕ ಓದುಗರು ಅದನ್ನು ಓದಿ ಮಡಚಿಡುವುದಷ್ಟೇ ಆಗುತ್ತದೆ. ಇವೆರಡರ ಅಗತ್ಯವೂ ನಮಗಿಲ್ಲ ಎಂಬುದನ್ನು ತಿಳಿಸಲು ಈ ಪತ್ರ.

ಡಬ್ಬಿಯ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಚಿತ್ರಗಳಲ್ಲಿ ನಾವು ಕಾಣುವ, ಕಣ್ಣು ಮೂಗು ಕೊರೆದ ಕಿತ್ತಳೆ ಬಣ್ಣದ ಕುಂಬಳವನ್ನೇ ಅಲ್ಲಿನವರು ಬೇಕಿಂಗಿಗೂ ಬಳಸುತ್ತಾರೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅಮೆರಿಕದಲ್ಲಿ ಡಬ್ಬಿಗೆ ತುಂಬುವುದು ಹೆಚ್ಚಾಗಿ ಡಿಕಿನ್ಸನ್ ಎಂಬ, ಕಂದು ಬಣ್ಣದ ಸಿಪ್ಪೆಯ ತಳಿಯನ್ನು. ಅದು ಕುಕರ್ಬಿಟಾ ಮೊಸ್ಕಾಟಾ ಜಾತಿಗೆ ಸೇರಿದ್ದು. ನಮ್ಮ ಹೊಲದ ಬದುಗಳಲ್ಲಿ ಹಬ್ಬುವ ಸಿಹಿಗುಂಬಳದ ಬಹುಪಾಲು ಇದೇ ಜಾತಿಯದು. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕ ಚಂದನ್ ತಳಿಯೂ ಇದೇ ಜಾತಿಗೆ ಸೇರಿದ್ದು. ಆಯುಧ ಪೂಜೆಯ ದಿನ ಒಡೆಯುವ ಬೂದುಗುಂಬಳ ಮಾತ್ರ ಕೇಕಿಗೆ ಒಗ್ಗುವುದಿಲ್ಲ, ಅದು ಬೇರೆಯೇ ಗಿಡ. ಹೀಗಿರುವಾಗ ಇಲ್ಲಿ ಸಿಗುವುದನ್ನೇ ಸಮುದ್ರದಾಚೆಯಿಂದ ಡಬ್ಬಿಯಲ್ಲಿ ತರಿಸಿ, ಇಡೀ ಕಾಯಿಯ ಬೆಲೆಗಿಂತ ಹೆಚ್ಚು ಹಣ ತೆರುವುದರಲ್ಲಿ ಅರ್ಥವಿಲ್ಲ.

ಹಾಗೆಂದು ನಮ್ಮ ಕಾಯಿಯನ್ನು ಕುಕ್ಕರಿನಲ್ಲಿ ಕೂಗಿಸಿ, ಕಿವುಚಿ, ನೇರವಾಗಿ ಹಿಟ್ಟಿಗೆ ಸುರಿದರೆ ಕೇಕು ಚೆನ್ನಾಗಿ ಬರುವುದಿಲ್ಲ. ಕುಂಬಳಕಾಯಿಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರುತ್ತದೆ. ಕುಕ್ಕರಿನಲ್ಲಿ ಆ ನೀರು ಹೊರಗೆ ಹೋಗುವುದಿಲ್ಲ, ಮೇಲಾಗಿ ಹಬೆಯ ನೀರೂ ಸೇರುತ್ತದೆ. ಇದರಿಂದ ಕೇಕಿನ ನಡುಭಾಗ ಬೇಯದೆ ಅಂಟಂಟಾಗಿ ಕುಸಿಯುತ್ತದೆ. ಹೋಳುಗಳ ಬೀಜ ಮತ್ತು ನಾರು ತೆಗೆದು, ಸಿಪ್ಪೆ ಹಾಗೆಯೇ ಇರಿಸಿ, ಕೊಯ್ದ ಭಾಗ ಕೆಳಗೆ ಬರುವಂತೆ ತಟ್ಟೆಯ ಮೇಲೆ ಕವುಚಿ, 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಸುಡಬೇಕು. ಚಾಕುವಿನ ತುದಿ ತಡೆಯಿಲ್ಲದೆ ಒಳಗಿಳಿದಾಗ, ಅಂಚುಗಳು ಕಂದಾಗಿ ಸಕ್ಕರೆ ಪಾಕದ ವಾಸನೆ ಬರತೊಡಗಿದಾಗ ಕಾಯಿ ಹದಕ್ಕೆ ಬಂದಿದೆ ಎಂದು ತಿಳಿಯಬೇಕು. ಆರಿದ ಮೇಲೆ ತಿರುಳನ್ನು ಚಮಚದಿಂದ ಕೆರೆದು, ತೆಳು ಬಟ್ಟೆಯಲ್ಲಿ ಕಟ್ಟಿ, ಮೊಸರನ್ನು ಶ್ರೀಖಂಡಕ್ಕೆ ತೂಗುಹಾಕುವಂತೆ ಒಂದೆರಡು ಗಂಟೆ ತೂಗುಹಾಕಿದರೆ ಉಳಿದ ನೀರೂ ಬಸಿಯುತ್ತದೆ. ಬಟ್ಟೆ ಬಿಚ್ಚಿದಾಗ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾದ, ಕೇಸರಿಗೆ ಹತ್ತಿರದ ಬಣ್ಣದ ತಿರುಳು ಕೈಗೆ ಬರುತ್ತದೆ. ಓವನ್ ಇಲ್ಲದ ಮನೆಯಲ್ಲಿ ದಪ್ಪ ತಳದ ಪಾತ್ರೆಗೆ ತುರಿದ ಕುಂಬಳವನ್ನು ಹಾಕಿ, ಮುಚ್ಚದೆ, ಸಣ್ಣ ಉರಿಯಲ್ಲಿ ತಳ ಬಿಡುವವರೆಗೆ ಕೈಯಾಡಿಸಿದರೂ ನಡೆಯುತ್ತದೆ. ಮಹಾನವಮಿಗೆ ಕುಂಬಳಕಾಯಿ ಗಾರಿಗೆ ಮಾಡುವ ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಈ ಹದವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಗಾರಿಗೆಯ ಮಾತು ಬಂದದ್ದರಿಂದ ಮಸಾಲೆಯ ಬಗ್ಗೆಯೂ ಹೇಳಬೇಕು. ಕುಂಬಳ, ಬೆಲ್ಲ, ಗೋಧಿಹಿಟ್ಟು, ಯಾಲಕ್ಕಿ, ಗಸಗಸೆ ಇವಿಷ್ಟೂ ಸೇರಿ ಎಣ್ಣೆಯಲ್ಲಿ ಕರಿದರೆ ಗಾರಿಗೆ. ಹೋಳಿಗೆಯ ಹೂರಣಕ್ಕೂ ಗೋಧಿ ಹುಗ್ಗಿಗೂ ಜಾಜಿಕಾಯಿ, ಒಣಶುಂಠಿ ಹಾಕುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅಮೆರಿಕದ ಮೆಕಾರ್ಮಿಕ್ ಕಂಪನಿ ಕುಂಬಳಕಾಯಿ ಪೈ ಎಂಬ ಸಿಹಿ ತಿನಿಸಿಗೆಂದು ಸಿದ್ಧ ಮಸಾಲೆಯನ್ನು ಮಾರತೊಡಗಿದ್ದು 1934ರಲ್ಲಿ. ಅದರಲ್ಲಿ ಇರುವುದು ಚಕ್ಕೆ, ಒಣಶುಂಠಿ, ಜಾಜಿಕಾಯಿ ಮತ್ತು ಆಲ್‌ಸ್ಪೈಸ್ ಎಂಬ, ಅಮೆರಿಕ ಖಂಡದ ಮರವೊಂದರ ಒಣಗಿಸಿದ ಕಾಯಿ. ಮನೆಯಲ್ಲೇ ಪುಡಿ ಮಾಡಿಕೊಳ್ಳುವ ಅನೇಕರು ಇದಕ್ಕೆ ಲವಂಗವನ್ನೂ ಸೇರಿಸುತ್ತಾರೆ. ಆಲ್‌ಸ್ಪೈಸ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಏಷ್ಯಾದ ಸರಕುಗಳೇ: ಜಾಜಿಕಾಯಿ ಬಾಂಡಾ ದ್ವೀಪಗಳದು, ಲವಂಗ ಮಲುಕು ದ್ವೀಪಗಳದು, ಒಳ್ಳೆಯ ಚಕ್ಕೆ ಶ್ರೀಲಂಕಾದ್ದು. ಶುಂಠಿಗಾಗಿಯಂತೂ ನಾವು ದೂರ ಹೋಗಬೇಕಾಗಿಯೇ ಇಲ್ಲ, ಪಕ್ಕದ ಬೀದರ್ ಜಿಲ್ಲೆಯ ರೈತರು ಅದನ್ನು ಬೆಳೆಯುತ್ತಾರೆ. ಕುಂಬಳಕಾಯಿ ಮಾತ್ರ ಮೂಲದಲ್ಲಿ ಅಮೆರಿಕ ಖಂಡದ್ದು. ಅದು ನಮ್ಮ ನೆಲಕ್ಕೆ ಬಂದು, ನಮ್ಮ ಹಬ್ಬದ ಅಡುಗೆಯೊಳಗೆ ಪರಕೀಯತೆಯ ಸುಳಿವೂ ಇಲ್ಲದಂತೆ ಬೆರೆತುಹೋಗಿರುವುದು ನನಗೆ ಪ್ರತಿ ದಸರೆಯಲ್ಲೂ ಸೋಜಿಗದ ವಿಷಯ.

ಮಸಾಲೆಯನ್ನು ಮನೆಯಲ್ಲೇ ಕುಟ್ಟಿಕೊಳ್ಳುವವರು ನಾಲ್ಕು ಪಾಲು ಚಕ್ಕೆಗೆ ಎರಡು ಪಾಲು ಒಣಶುಂಠಿ, ಒಂದು ಪಾಲು ಯಾಲಕ್ಕಿ, ಅರ್ಧ ಪಾಲು ಜಾಜಿಕಾಯಿ, ಕಾಲು ಪಾಲು ಲವಂಗ ಎಂದು ಲೆಕ್ಕ ಹಿಡಿಯಬಹುದು. ಲವಂಗ ಒಂದಿಷ್ಟು ಹೆಚ್ಚಾದರೂ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ. ಜಾಜಿಕಾಯಿ ಅತಿಯಾದರೆ ದೇಹಕ್ಕೂ ಒಳ್ಳೆಯದಲ್ಲ. ಅದನ್ನು ತುರಿದ ಕೂಡಲೇ ಚಿಟಿಕೆಯಷ್ಟು ಬಳಸುವುದೇ ಸರಿಯಾದ ಕ್ರಮ. ಈ ಮಸಾಲೆಗಳ ಪರಿಮಳವೆಲ್ಲ ಬೇಗ ಆವಿಯಾಗುವ ಎಣ್ಣೆಯ ಅಂಶದಲ್ಲಿ ಇರುವುದರಿಂದ, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಪುಡಿಗೆ ಬಣ್ಣವಷ್ಟೇ ಉಳಿದಿರುತ್ತದೆ.

ಕೇಕಿನ ವಿಧಾನವನ್ನು ಇಲ್ಲಿ ಚಿಕ್ಕದಾಗಿ ತಿಳಿಸುವುದು ಉಚಿತವೆನಿಸುತ್ತದೆ. ಕಾಲು ಕಿಲೋ ಗೋಧಿಹಿಟ್ಟಿಗೆ ಅಷ್ಟೇ ತೂಕದ ಬಸಿದ ತಿರುಳು, 200 ಗ್ರಾಂ ಬೆಲ್ಲ, 120 ಮಿಲಿಲೀಟರ್ ಎಣ್ಣೆ ಅಥವಾ ಕರಗಿಸಿದ ತುಪ್ಪ, 100 ಗ್ರಾಂ ಗಟ್ಟಿ ಮೊಸರು, ಒಂದು ಸಣ್ಣ ಚಮಚ ಅಡುಗೆ ಸೋಡಾ, ಎರಡು ಸಣ್ಣ ಚಮಚ ಮೇಲೆ ಹೇಳಿದ ಮಸಾಲೆ, ಚಿಟಿಕೆ ಉಪ್ಪು ಸಾಕು, ಮೊಟ್ಟೆ ಬೇಕಾಗಿಲ್ಲ. ಮೊಸರಿನ ಹುಳಿಯೂ ಬೆಲ್ಲದ ಅಲ್ಪ ಹುಳಿಯೂ ಸೋಡಾದೊಂದಿಗೆ ಸೇರಿ ಅನಿಲ ಹುಟ್ಟುತ್ತದೆ, ಅದರಿಂದಲೇ ಕೇಕು ಉಬ್ಬುತ್ತದೆ. ಆದ್ದರಿಂದ ಕಲಸಿದ ಹಿಟ್ಟನ್ನು ಹಾಗೇ ಬಿಡದೆ ಕೂಡಲೇ ಭಟ್ಟಿಗಿಡಬೇಕು, ಹೆಚ್ಚು ತಿರುವಲೂಬಾರದು, ತಿರುವಿದಷ್ಟೂ ಗೋಧಿಯ ಜಿಗುಟು ಹೆಚ್ಚಿ ಕೇಕು ಗಟ್ಟಿಯಾಗುತ್ತದೆ. ಬೆಲ್ಲ ಸಕ್ಕರೆಗಿಂತ ಬೇಗ ಕಂದಾಗುವುದರಿಂದ ಶಾಖವನ್ನು 170 ಡಿಗ್ರಿಗೆ ಇಳಿಸಿ ಸುಮಾರು 50 ನಿಮಿಷ ಬೇಯಿಸಬೇಕು. ಕಾಯಿಯೊಳಗಿನ ಬೀಜವನ್ನು ತೊಳೆದು, ಒಣಗಿಸಿ, ಮೇಲೆ ಉದುರಿಸಬಹುದು. ಪೇಟೆಯ ಅಂಗಡಿಗಳಲ್ಲಿ ಪೊಟ್ಟಣ ಕಟ್ಟಿ ದುಬಾರಿ ಬೆಲೆಗೆ ಮಾರುವ ಈ ಬೀಜವನ್ನು ನಮ್ಮ ಮನೆಗಳಲ್ಲಿ ಇಂದಿಗೂ ತಿಪ್ಪೆಗೆ ಎಸೆಯುತ್ತಿರುವುದನ್ನು ನೋಡಿದರೆ ಬೇಸರವಾಗುತ್ತದೆ. ಈ ಕೇಕು ಮಾಡಿದ ಮರುದಿನ ಇನ್ನೂ ರುಚಿಯಾಗಿರುತ್ತದೆ, ಏಕೆಂದರೆ ತಿರುಳು ತೇವವನ್ನು ಹಿಡಿದಿಡುತ್ತದೆ, ಮಸಾಲೆಯೂ ಅಷ್ಟರಲ್ಲಿ ಒಳಗೆ ಇಳಿದಿರುತ್ತದೆ.

ಇನ್ನು ಬೇಕರಿಗಳ ವಿಚಾರ. ನಮ್ಮ ನಗರದ ಬೇಕರಿಯೊಂದರಲ್ಲಿ ಕುಂಬಳಕಾಯಿ ಕೇಕೆಂದು ಹೇಳಿ ಕೊಟ್ಟದ್ದನ್ನು ಮನೆಗೆ ತಂದು ಕೊಯ್ದಾಗ, ಕೈಬೆರಳಿಗೆ ಅಂಟಿದ ಬಣ್ಣ ಸಾಬೂನು ಹಚ್ಚಿ ತೊಳೆದರೂ ಪೂರ್ತಿ ಹೋಗಲಿಲ್ಲ. ಬಾಯಿಗೆ ಹಾಕಿದಾಗ ಕುಂಬಳದ ರುಚಿಯೂ ಇರಲಿಲ್ಲ, ಇದ್ದದ್ದು ಎಸೆನ್ಸಿನ ವಾಸನೆ ಮಾತ್ರ. ಈ ರುಚಿಯೆಲ್ಲ ಮಸಾಲೆಯಿಂದಲೇ ಬರುವಂಥದು ಎಂಬ ಭಾವನೆ ಬೇರೂರಿರುವುದರಿಂದ ಹೀಗಾಗುತ್ತದೆ. 2003ರಲ್ಲಿ ಅಮೆರಿಕದ ಕಾಫಿ ಕಂಪನಿ ಸ್ಟಾರ್‌ಬಕ್ಸ್ ಹೊರತಂದ ಪ್ರಸಿದ್ಧ ಕುಂಬಳಕಾಯಿ ಮಸಾಲೆ ಕಾಫಿಯಲ್ಲೂ 2015ರವರೆಗೆ ಕುಂಬಳಕಾಯಿ ಇರಲಿಲ್ಲ. ಆದರೆ ಕಾಫಿಗೆ ಒಪ್ಪುವ ಮಾತು ಕೇಕಿಗೆ ಒಪ್ಪುವುದಿಲ್ಲ, ಕೇಕಿನ ಮೃದುತ್ವ ತಿರುಳಿನಿಂದಲೇ ಬರಬೇಕು. ಬಣ್ಣದ ಅಗತ್ಯವೂ ಇಲ್ಲ, ಏಕೆಂದರೆ ಕುಂಬಳಕ್ಕೆ ತನ್ನದೇ ಕೇಸರಿ ಬಣ್ಣವಿದೆ. ಆ ಬಣ್ಣ ಕೊಡುವ ಬೀಟಾ ಕ್ಯಾರೊಟೀನ್ ನಮ್ಮ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ, ಎಣ್ಣೆ ಅಥವಾ ತುಪ್ಪದೊಂದಿಗೆ ತಿಂದಾಗ ಇನ್ನೂ ಚೆನ್ನಾಗಿ ಹೀರಲ್ಪಡುತ್ತದೆ. ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯಲ್ಲೂ ಬಾಂಬೆ ಮಿಠಾಯಿಯಲ್ಲೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅಷ್ಟೇ ಕಾಳಜಿಯಿಂದ ಹಬ್ಬದ ದಿನಗಳ ಕೇಕುಗಳನ್ನೂ ಪರೀಕ್ಷಿಸಬೇಕೆಂದು ಆಹಾರ ಸುರಕ್ಷತಾ ಅಧಿಕಾರಿಗಳನ್ನು ಕೋರುತ್ತೇನೆ.

ಬೇಕರಿಯವರನ್ನಷ್ಟೇ ದೂರಿ ಕೂರುವುದು ನನ್ನ ಉದ್ದೇಶವಲ್ಲ. ನಿಜಾಮರ ಕಾಲದಿಂದಲೂ ಬೇಕರಿಯ ರುಚಿ ಬಲ್ಲ ಈ ಊರಿನಲ್ಲಿ ಖಾರಾ ಬಿಸ್ಕತ್ತು, ಉಸ್ಮಾನಿಯಾ ಬಿಸ್ಕತ್ತು, ನಾನ್‌ಖಟಾಯಿಗಳನ್ನು ಹದವಾಗಿ ಬೇಯಿಸುವ ಕೈಗಳಿವೆ. ನಾನ್‌ಖಟಾಯಿಯ ಹಿಟ್ಟಿಗೆ ಸ್ವಲ್ಪ ಒಣಗಿಸಿದ ಕುಂಬಳದ ತಿರುಳನ್ನೂ ಜಾಜಿಕಾಯಿಯನ್ನೂ ಸೇರಿಸುವುದು ಅವರಿಗೆ ಕಷ್ಟದ ಕೆಲಸವಲ್ಲ. ಕಾಯಿ ಒಮ್ಮೆಲೇ ಮಾರುಕಟ್ಟೆಗೆ ಬಂದು ಬೆಲೆ ಇಳಿದಾಗ ರೈತರಿಂದ ನೇರವಾಗಿ ಕೊಳ್ಳಲೂಬಹುದು. ಬಲಿತ ಇಡೀ ಕಾಯಿ ಗಾಳಿಯಾಡುವ ಒಣ ಜಾಗದಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಜಿಲ್ಲಾಡಳಿತದ ನೆರವಿನಿಂದ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜೋಳದ ರೊಟ್ಟಿಯನ್ನು ಹೊರ ಊರುಗಳಿಗೂ ಕಳಿಸುತ್ತಿರುವ ಸ್ವಸಹಾಯ ಸಂಘಗಳ ಮಹಿಳೆಯರು ದಸರೆಯಿಂದ ದೀಪಾವಳಿಯವರೆಗಿನ ದಿನಗಳಲ್ಲಿ ಕುಂಬಳಕಾಯಿ ಕೇಕು, ಬಿಸ್ಕತ್ತುಗಳನ್ನೂ ಮಾಡಿ ಮಾರುವಂತಾದರೆ ಬಹಳ ಚೆನ್ನ. ಇಡೀ ಕುಂಬಳಕ್ಕೆ ಮೊದಲ ಚಾಕು ಗಂಡಸರೇ ಹಾಕಬೇಕೆಂಬ ನಂಬಿಕೆ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಈ ಕಸುಬು ಕೈಗೆತ್ತಿಕೊಳ್ಳುವ ಮಹಿಳೆಯರಿಗೆ ಅದು ಅಡ್ಡಿಯಾಗಬಾರದು. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವೂ ಬೀದರಿನ ತೋಟಗಾರಿಕೆ ಮಹಾವಿದ್ಯಾಲಯವೂ ತಿರುಳು ತೆಗೆಯುವ, ಒಣಗಿಸುವ, ಕೆಡದಂತೆ ಇಡುವ ಕ್ರಮಗಳ ಬಗ್ಗೆ ಒಂದೆರಡು ದಿನಗಳ ತರಬೇತಿ ಏರ್ಪಡಿಸಿದರೆ ಇವರಿಗೆ ದಾರಿ ಸುಗಮವಾಗುತ್ತದೆ.

ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆ. ದಸರಾ ಸಂಚಿಕೆಯ ಅಡುಗೆ ಪುಟದಲ್ಲಿ ಈ ಭಾಗದ ಗಾರಿಗೆ, ಕುಂಬಳದ ಹೋಳಿಗೆಗಳೊಂದಿಗೆ ಓವನ್ ಇರುವವರಿಗೂ ಇಲ್ಲದವರಿಗೂ ಅನುಕೂಲವಾಗುವ ಬೇಕಿಂಗ್ ವಿಧಾನಗಳನ್ನೂ, ಅಳತೆಯನ್ನು ಗ್ರಾಂ ಲೆಕ್ಕದಲ್ಲಿಯೇ ಕೊಟ್ಟು, ಇಲ್ಲಿನ ಮಾರುಕಟ್ಟೆಯಲ್ಲಿ ಸಿಗುವ ಪದಾರ್ಥಗಳಿಂದಲೇ ಮಾಡುವಂತೆ ಪ್ರಕಟಿಸಬೇಕು. ಹಬ್ಬಕ್ಕೆ ಒಂದು ವಾರ ಮೊದಲೇ ಅದು ಓದುಗರ ಕೈ ಸೇರಿದರೆ ಕಾಯಿ ಕೊಳ್ಳಲು, ಮಸಾಲೆ ಕುಟ್ಟಿಡಲು ಸಮಯ ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಬ್ರಹ್ಮಪುರದ ಓದುಗಿ, ಕಲಬುರಗಿ