ನಕ್ಕು ಮುಗಿಸಬೇಡ ತಂಗಿ

ಮಡಿಕೇರಿಯಿಂದ

ಪ್ರೀತಿಯ ತಂಗಿ,

ನಿನ್ನ ಲೇಖನ ಬಂತು, ನಿಧಾನವಾಗಿ ಓದಿದೆ. ಗೋಣಿಕೊಪ್ಪದಲ್ಲಿ ಕೂತು 1968ರ ‘ಬೂಮ್’ ಎಂಬ ಇಂಗ್ಲಿಷ್ ಸಿನಿಮಾದ ಬಗ್ಗೆ ಕನ್ನಡದಲ್ಲಿ ಬರೆಯುವ ಹುಡುಗಿಯೊಬ್ಬಳಿದ್ದಾಳೆ ಅನ್ನುವುದೇ ನನಗೆ ದೊಡ್ಡ ಸಂತೋಷ. ಭಾಷೆ ನಿನಗೆ ಒಲಿದಿದೆ. ಆದರೆ ಮೊದಲ ಸಾಲಿನಿಂದ ಕಡೆಯ ಸಾಲಿನವರೆಗೆ ನಗುತ್ತಲೇ ಇದ್ದೀಯ. ಎಲಿಜಬೆತ್ ಟೇಲರಳ ತಲೆಯುಡುಗೆಗೆ ನಗು, ರಿಚರ್ಡ್ ಬರ್ಟನ್ ಹಿಡಿದ ಕತ್ತಿಗೆ ನಗು, ಸಂಭಾಷಣೆಗೆ ನಗು. ನಗಿಸುವುದು ನಿನಗೆ ಸಲೀಸು, ಓದುತ್ತಾ ನಾನೂ ನಕ್ಕೆ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಉಳಿಯಿತು: ಅಷ್ಟು ಕೆಟ್ಟ ಸಿನಿಮಾ ಆಗಿದ್ದರೆ ಆ ತಲೆಯುಡುಗೆಯ ಒಂದೊಂದು ಮುಳ್ಳನ್ನೂ ನೆನಪಿಟ್ಟುಕೊಂಡು ಯಾಕೆ ಬರೆದೆ? ನಿನಗೆ ಆ ಸಿನಿಮಾ ಹಿಡಿಸಿದೆ. ಹಾಗೆಂದು ಹೇಳಿಕೊಳ್ಳಲು ಸಂಕೋಚ. ಆ ಸಂಕೋಚದ ಬಗ್ಗೆಯೇ ಈ ಪತ್ರ.

ದೋಷಗಳನ್ನು ಮುಚ್ಚಿಡಬೇಕಿಲ್ಲ. ಅವನ್ನು ಮೊದಲ ಪ್ಯಾರಾದಲ್ಲೇ ನೇರವಾಗಿ ಹೇಳಿಬಿಡು. ಅಮೆರಿಕದ ನಾಟಕಕಾರ ಟೆನ್ನೆಸಿ ವಿಲಿಯಮ್ಸ್ ತನ್ನದೇ ನಾಟಕವನ್ನು ಚಿತ್ರಕಥೆ ಮಾಡಿಕೊಟ್ಟ. ಆ ನಾಟಕ 1963ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಸೋತಿತ್ತು; ಮರುವರ್ಷ ಬೇರೆ ನಟರನ್ನು ಹಾಕಿ ಆಡಿದಾಗ ಇನ್ನೂ ಬೇಗ ನಿಂತುಹೋಯಿತು. ನಾಯಕಿ ಸಾವಿನಂಚಿನಲ್ಲಿರುವ ಮುದುಕಿ; ಸಿನಿಮಾ ತೆರೆಗೆ ಬಂದಾಗ ಟೇಲರ್‌ಗೆ 36 ವರ್ಷ. ಅವಳನ್ನು ಹುಡುಕಿಕೊಂಡು ಬರುವ ಕವಿ ಯುವಕನಾಗಿರಬೇಕಿತ್ತು, ಬರ್ಟನ್‌ಗೆ 42. ಕಥೆ ಮುಂದೆ ಸಾಗುವುದಿಲ್ಲ, ಮಾತು ನಿಲ್ಲುವುದಿಲ್ಲ. ಸಿನಿಮಾ ಓಡಲಿಲ್ಲ. ಇಷ್ಟನ್ನೇ ನೀನು ಪುಟಗಟ್ಟಲೆ ಹಿಗ್ಗಿಸಿದ್ದೀಯ.

ಈಗ ಅದೇ ದೋಷದ ಹತ್ತಿರ ಹೋಗಿ ನಿಲ್ಲು. ಎರಡು ಸಲ ಬಿದ್ದುಹೋದ ನಾಟಕವನ್ನು ನಂಬಿ, ಸಾರ್ಡೀನಿಯಾ ದ್ವೀಪದ ಕಡಿದಾದ ಬಂಡೆಯ ನೆತ್ತಿಯ ಮೇಲೆ ಬೆಳ್ಳನೆಯ ಬಂಗಲೆ ಕಟ್ಟಿಸುವಷ್ಟು ದುಡ್ಡನ್ನು ಯಾರು ಸುರಿಯುತ್ತಾರೆ? ಟೇಲರ್ ಮತ್ತು ಬರ್ಟನ್ ಎಂಬ ಎರಡು ಹೆಸರುಗಳಿದ್ದವು, ಸುರಿದರು. ಪಾತ್ರಕ್ಕೆ ಒಗ್ಗದ ವಯಸ್ಸು ಬಂದು ಸೇರಿಕೊಂಡದ್ದೂ ಅದೇ ಹೆಸರುಗಳಿಂದ. ಕೆಡಿಸಿದ ಕೈಯೂ ಹುಟ್ಟಿಸಿದ ಕೈಯೂ ಒಂದೇ. ಸ್ಟಾರ್ ಸಿನಿಮಾಗಳ ಬಗ್ಗೆ, ಅದರಲ್ಲೂ ಅರವತ್ತರ ದಶಕದ ಸೋತ ಸ್ಟಾರ್ ಸಿನಿಮಾಗಳ ಬಗ್ಗೆ ಬರೆಯುವಾಗ ನೀನು ಹಿಡಿಯಬೇಕಾದ ಎಳೆ ಇದು. ತಪ್ಪು ಒಂದು ಕಡೆ, ಚೆಲುವು ಇನ್ನೊಂದು ಕಡೆ ಎಂದು ತಕ್ಕಡಿ ತೂಗುತ್ತಾ ಕೂತರೆ ಆ ಎಳೆ ಕೈತಪ್ಪುತ್ತದೆ.

ಆ ಬಂಗಲೆಯೊಳಗೆ ಏನು ನಡೆಯುತ್ತದೆ ನೋಡು. ಒಬ್ಬರಾದ ಮೇಲೊಬ್ಬರಂತೆ ಗಂಡಂದಿರನ್ನು ಕಳೆದುಕೊಂಡು, ಅವರ ಆಸ್ತಿಯ ಮೇಲೆ ಕೂತಿರುವ ಶ್ರೀಮಂತೆ ತನ್ನ ಆತ್ಮಕಥೆ ಬರೆಸುತ್ತಿದ್ದಾಳೆ. ನಡುರಾತ್ರಿಯಾದರೂ ಸರಿ, ನೆನಪು ಬಂದ ಗಳಿಗೆಯಲ್ಲಿ ಮನೆಯ ತುಂಬ ಅಳವಡಿಸಿದ ಮೈಕಿನಲ್ಲಿ ಹೇಳುತ್ತಾಳೆ, ಕಾರ್ಯದರ್ಶಿ ಹುಡುಗಿ ಎದ್ದು ಬರೆದುಕೊಳ್ಳಬೇಕು. ಕೆಮ್ಮಿದರೆ ಕರವಸ್ತ್ರದಲ್ಲಿ ರಕ್ತ. ಅದೇ ಹೆಂಗಸು ರಾತ್ರಿಯೂಟಕ್ಕೆ ಅತಿಥಿ ಬರುತ್ತಾನೆಂದು ಜಪಾನಿನ ಕಬುಕಿ ನಾಟಕದ ನಟರ ಹಾಗೆ ಬಿಳಿಯುಡುಗೆ ತೊಟ್ಟು, ತಲೆಯ ಸುತ್ತ ಮುಳ್ಳುಮುಳ್ಳಾಗಿ ಎದ್ದ ಅಲಂಕಾರ ಇಟ್ಟುಕೊಂಡು ಕೂರುತ್ತಾಳೆ. ನೀನು ನಕ್ಕದ್ದು ಇಲ್ಲೇ. ನಗುವುದಕ್ಕೆ ಮುಂಚೆ ಟೇಲರಳ ಕತ್ತನ್ನು ಗಮನಿಸು. ಆ ಭಾರ ಹೊತ್ತು ಅವಳು ತಲೆ ಅಲ್ಲಾಡಿಸುವ ಹಾಗಿಲ್ಲ. ಬರೀ ಕಣ್ಣು, ತುಟಿ, ಕೈಬೆರಳುಗಳಲ್ಲಿ ಅಭಿನಯಿಸಬೇಕು. ಸಾವು ಬಾಗಿಲಲ್ಲಿ ನಿಂತಿರುವಾಗ ಇನ್ನಷ್ಟು ಸಿಂಗರಿಸಿಕೊಳ್ಳುವ ಹಟ ಎಂಥದು ಅನ್ನುವುದನ್ನು ಆ ಸೆಟೆದ ಕತ್ತು ಹೇಳುತ್ತದೆ. ನಿಜವಾದ ಮುದುಕಿಯೊಬ್ಬಳು ಆ ಪಾತ್ರ ಮಾಡಿದ್ದರೆ ನಮಗೆ ಅಯ್ಯೋ ಅನ್ನಿಸುತ್ತಿತ್ತು. ಹಿಂದಿನ ವರ್ಷವಷ್ಟೇ ಎರಡನೆಯ ಆಸ್ಕರ್ ತೆಗೆದುಕೊಂಡಿದ್ದ, ಲೋಕದ ಕಣ್ಣೆಲ್ಲ ತನ್ನ ಮೇಲಿದ್ದ 36ರ ಹೆಣ್ಣು ಮಾಡಿದಾಗ ಅಲ್ಲಿ ಬೇರೆ ಏನೋ ಸಾಯುತ್ತಿದೆ ಅನ್ನಿಸುತ್ತದೆ. ಹಾಲಿವುಡ್ಡಿನ ಹಳೆಯ ಸ್ಟುಡಿಯೊ ವ್ಯವಸ್ಥೆ, ಹೆಸರೊಂದಿದ್ದರೆ ಜನ ಬರುತ್ತಾರೆ ಎಂಬ ನಂಬಿಕೆ, ಆ ಹೊತ್ತಿಗೆ ಕುಸಿಯುತ್ತಿತ್ತು. ನಿರ್ದೇಶಕ ಜೋಸೆಫ್ ಲೋಸಿ ಆ ಹಾಲಿವುಡ್ಡಿನಲ್ಲೇ ಕೆಲಸ ಕೊಡಬಾರದವರ ಕಪ್ಪುಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಹೋದವನು. ಆ ವೈಭೋಗದ ಮೇಲೆ ಅವನಿಗೆ ಮೋಹವೂ ಇದೆ, ಸಿಟ್ಟೂ ಇದೆ. ಎರಡೂ ತೆರೆಯ ಮೇಲೆ ಕಾಣುತ್ತವೆ.

ಅದೇ ವರ್ಷ ಲೋಸಿ ಟೇಲರಳನ್ನೇ ಇಟ್ಟುಕೊಂಡು ‘ಸೀಕ್ರೆಟ್ ಸೆರೆಮನಿ’ ಮಾಡಿದ. ಮಗಳನ್ನು ಕಳೆದುಕೊಂಡ ವೇಶ್ಯೆ, ತಾಯಿಯನ್ನು ಕಳೆದುಕೊಂಡ ಸಿರಿವಂತ ಹುಡುಗಿ, ಲಂಡನ್ನಿನ ಒಂದು ದೊಡ್ಡ ಮನೆ. ಮಿಯಾ ಫ್ಯಾರೋ ಎದುರು ಟೇಲರ್ ಹೇಗೆ ತನ್ನ ದನಿ ತಗ್ಗಿಸುತ್ತಾಳೆ ಕೇಳು. ‘ಬೂಮ್’ ನೋಡಿದ ಮೇಲೆ ಇದನ್ನು ನೋಡದೆ ಬರೆಯಬೇಡ.

ಹತ್ತಿರದಿಂದ ನೋಡುವುದು ಅಂದರೆ ಏನು ಎನ್ನುವುದಕ್ಕೆ ಇನ್ನೊಂದು ಉದಾಹರಣೆ. 1963ರ ‘ಕ್ಲಿಯೋಪಾತ್ರಾ’ ಬಗ್ಗೆ ಎಲ್ಲರೂ ಬರೆಯುವುದು ಖರ್ಚಿನ ಲೆಕ್ಕ: ಟೇಲರ್‌ಗೆ 10 ಲಕ್ಷ ಡಾಲರ್ ಸಂಭಾವನೆ, ಒಟ್ಟು 4 ಕೋಟಿ ಡಾಲರ್ ದಾಟಿದ ವೆಚ್ಚ, ಮುಳುಗುವ ಹಂತಕ್ಕೆ ಬಂದ ಫಾಕ್ಸ್ ಸ್ಟುಡಿಯೊ. ಲೆಕ್ಕ ಬೇಕು, ಬೇಡವೆನ್ನುವುದಿಲ್ಲ. ಆದರೆ 1961ರಲ್ಲಿ ಲಂಡನ್ನಿನಲ್ಲಿ ಟೇಲರ್ ನ್ಯುಮೋನಿಯಾದಿಂದ ಸಾಯುವ ಸ್ಥಿತಿಗೆ ಹೋದಾಗ ಉಸಿರಾಡಲೆಂದು ಗಂಟಲು ಕೊಯ್ದು ನಳಿಗೆ ಹಾಕಿದ್ದರು. ಆ ಗಾಯದ ಕಲೆ ಸಿನಿಮಾದಲ್ಲಿ ಕಾಣುತ್ತದೆ. ರೋಮಿನಲ್ಲಿ ಮತ್ತೆ ಸೆಟ್ಟು ಹಾಕಿ, ನಿರ್ದೇಶಕನನ್ನೇ ಬದಲಾಯಿಸಿ, ಚಿನ್ನದ ಬಣ್ಣದ ಉಡುಗೆಗಳನ್ನು ಹೊಲಿಸಿದರು. ಆ ಕಲೆ ಕ್ಲೋಸಪ್ಪಿನಲ್ಲಿ ಹಾಗೇ ಉಳಿಯಿತು. ಈಜಿಪ್ಟಿನ ರಾಣಿಯ ಕತ್ತಿನಲ್ಲಿ ಇಪ್ಪತ್ತನೆಯ ಶತಮಾನದ ಶಸ್ತ್ರಚಿಕಿತ್ಸೆಯ ಗುರುತು! ಕಥೆಗೆ ಅದು ದೋಷ. ನನಗೆ ಅದನ್ನು ಕಂಡಾಗಲೆಲ್ಲ ಮೈ ಜುಂ ಅನ್ನುತ್ತದೆ. ಅಷ್ಟು ದೊಡ್ಡ ಸೆಟ್ಟಿನ ನಡುವೆ ಬದುಕಿ ಬಂದ ಒಂದು ಜೀವ ಅಲ್ಲಿ ಉಸಿರಾಡುತ್ತಿದೆ. ಹಾವಿಗೆ ಕೈಯೊಡ್ಡುವ ಕೊನೆಯ ದೃಶ್ಯಕ್ಕೆ ಬರುವ ಹೊತ್ತಿಗೆ ಅವಳಿಗೆ ಸಾವಿನ ಪರಿಚಯ ಇದೆ ಎಂದು ನೋಡುವವನಿಗೆ ಗೊತ್ತಾಗಿಬಿಟ್ಟಿರುತ್ತದೆ.

ನಿನಗೆ ಒಂದು ಅನುಕೂಲವಿದೆ, ಅದನ್ನು ನೀನು ಬಳಸಿಯೇ ಇಲ್ಲ. ಪೇಟೆಯ ವಿಮರ್ಶಕರಿಗೆ ‘ಬೂಮ್’ನ ಬಂಗಲೆ ಒಂದು ಸೆಟ್ಟು. ನೀನು ಕೊಡಗಿನವಳು. ತೋಟದ ಬಂಗಲೆಯನ್ನು ಕೂಲಿಯವರ ಲೈನ್‌ಮನೆಯ ಕಡೆಯಿಂದ ನೋಡಿದರೆ ಹೇಗೆ ಕಾಣುತ್ತದೆ, ಒಳಗಿನವರು ಕೂಗಿದಾಗ ಟ್ರೇ ಹಿಡಿದು ಹೋಗುವವರು ಹೇಗೆ ನಡೆಯುತ್ತಾರೆ, ಒಡತಿಗೆ ಕಾಯಿಲೆಯಾದಾಗ ಮನೆಯವರೆಲ್ಲ ಯಾವ ದನಿಯಲ್ಲಿ ಮಾತಾಡುತ್ತಾರೆ, ಇದೆಲ್ಲ ನಿನಗೆ ಗೊತ್ತಿದೆ. ದುಡ್ಡು ಕರಗಿದ ಮೇಲೂ ಗೋಡೆಯ ಮೇಲೆ ಉಳಿಯುವ ಕೋವಿ, ಕೊಂಬು, ಹಳೆಯ ಫೋಟೊಗಳ ಮುಂದೆ ನಿಂತವಳು ನೀನು. ಆ ಬಿಳಿ ನೆಲವನ್ನು ಒರೆಸುವವರು ಯಾರು, ಬಂಗಲೆ ಕಾಯುವ ಆ ನಾಯಿಗಳಿಗೆ ಅನ್ನ ಹಾಕುವವರು ಯಾರು ಎಂದು ಕೇಳಿಕೊಂಡು ಇನ್ನೊಮ್ಮೆ ನೋಡು. ಚಿತ್ರದಲ್ಲಿ ಉತ್ತರವಿದೆ, ಕೆಲಸದವರ ಮುಖಗಳನ್ನು ಲೋಸಿ ಸುಮ್ಮನೆ ತೋರಿಸುವುದಿಲ್ಲ. ನಿನ್ನ ಲೇಖನದಲ್ಲಿ ಅವರೊಬ್ಬರೂ ಇಲ್ಲ.

ಅತಿಯಾಯಿತು ಎನ್ನುವ ಪದವನ್ನು ನೀನು ಬೈಗುಳದ ಹಾಗೆ ಬಳಸಿದ್ದೀಯ. ವಿಜಯದಶಮಿಯ ರಾತ್ರಿ ದೇವತೆ, ಅಸುರರ ಚಲಿಸುವ ಬೊಂಬೆಗಳನ್ನು ಹೊತ್ತ ನಮ್ಮ ಮಡಿಕೇರಿಯ ದಶಮಂಟಪಗಳು ಹೊರಟಾಗ ಕಡಿಮೆ ದೀಪ ಹಾಕಿ ಎಂದು ಯಾರಾದರೂ ಕೇಳುತ್ತಾರೆಯೆ? ಬೆಳಗಿನ ಜಾವದ ಚಳಿಯಲ್ಲಿ ಅಸುರನ ತೋಳು ಸಿಕ್ಕಿಹಾಕಿಕೊಂಡು ಅರ್ಧಕ್ಕೇ ನಿಂತರೂ ಜನ ಕದಲುವುದಿಲ್ಲ. ಅತಿಯೇ ಅಲ್ಲಿನ ರೀತಿ. ಆ ರೀತಿಯೊಳಗೆ ಯಾವ ಮಂಟಪ ಮೇಲು, ಯಾವುದು ಕಮ್ಮಿ ಎಂದು ಹೇಳುವ ಕಣ್ಣು ನಮ್ಮೂರಿನ ಮಕ್ಕಳಿಗೂ ಇದೆ. ಅದೇ ಕಣ್ಣನ್ನು ಈ ಸಿನಿಮಾಗಳ ಮುಂದೆ ಯಾಕೆ ಮುಚ್ಚಿಕೊಳ್ಳುತ್ತೀಯ?

ಇನ್ನು ನಮ್ಮ ಕನ್ನಡಕ್ಕೆ ಬಾ. ಅರವತ್ತರ ದಶಕ ಎಂದರೆ ‘ನಾಂದಿ’, ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’ ಎಂದು ಎಲ್ಲರೂ ಬರೆಯುತ್ತಾರೆ. ಬರೆಯಲೇಬೇಕಾದ ಚಿತ್ರಗಳು. ಆದರೆ 1968ರ ‘ಜೇಡರ ಬಲೆ’ಯ ಬಗ್ಗೆ ಕೂತು ಯೋಚಿಸಿದವರು ಕಡಿಮೆ. ದೊರೈ–ಭಗವಾನ್ ಜೋಡಿಯ ಚಿತ್ರ, ರಾಜ್‌ಕುಮಾರ್ ಸಿ.ಐ.ಡಿ. 999. ಜೇಮ್ಸ್ ಬಾಂಡ್ ತೆರೆಗೆ ಬಂದು ಆಗಿನ್ನೂ ಆರು ವರ್ಷ. ಅಲ್ಲಿನ ದುಡ್ಡು ಇಲ್ಲಿಲ್ಲ, ಯಂತ್ರಗಳಿಲ್ಲ, ಬಣ್ಣವೂ ಇಲ್ಲ. ಆ ಕೊರತೆ ಪ್ರತಿ ಸೆಟ್ಟಿನಲ್ಲೂ ಕಾಣುತ್ತದೆ. ಆದರೆ ಎರಡು ವರ್ಷದ ಹಿಂದೆ, 1966ರಲ್ಲಿ, ಇದೇ ರಾಜ್‌ಕುಮಾರ್ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿದ್ದರು. ಅವರನ್ನು ಆ ಕಾವಿಯಲ್ಲಿ ಕಂಡು ಕೈಮುಗಿದಿದ್ದ ಜನ ಈಗ ಕೋಟು, ಪಿಸ್ತೂಲಿನಲ್ಲಿ ನೋಡುತ್ತಿದ್ದಾರೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ಆ ಉಚ್ಚಾರಣೆ ಗೂಢಚಾರನ ಮಾತಿಗೂ ಬರುತ್ತದೆ, ಒಂದಕ್ಷರ ನುಂಗುವುದಿಲ್ಲ. ಬಾಂಡ್ ಆಗಲು ಅದು ತೊಡಕು, ನಿಜ. ಆದರೆ ಕನ್ನಡಿಗರ ಊಹೆಯಲ್ಲಿ ಆಧುನಿಕ ಗಂಡಸು ಹೇಗಿರಬೇಕಿತ್ತು ಅನ್ನುವುದು ಆ ತೊಡಕಿನಲ್ಲೇ ಗೊತ್ತಾಗುತ್ತದೆ: ಕೋಟು ಹಾಕಿಕೊಳ್ಳಲಿ, ಭಾಷೆ ಮಾತ್ರ ಕೆಡಬಾರದು. ಈ ಮಾತನ್ನು ಗೌರವಾನ್ವಿತ ಚಿತ್ರವೊಂದು ಇಷ್ಟು ಬಿಚ್ಚಿ ಹೇಳುತ್ತಿರಲಿಲ್ಲ. ಜನ ಆ ಗೂಢಚಾರನನ್ನು ಎಷ್ಟು ಮೆಚ್ಚಿದರೆಂದರೆ ಹಿಂದೆಯೇ ‘ಗೋವಾದಲ್ಲಿ ಸಿ.ಐ.ಡಿ. 999’ ಬಂತು, ಅದರ ಹಿಂದೆ ಇನ್ನೊಂದು. ಓಡಿದ ಚಿತ್ರವನ್ನೂ ವಿಮರ್ಶೆ ಮರೆಯಬಲ್ಲದು, ತಂಗಿ. ಮರೆವಿಗೆ ಗಲ್ಲಾಪೆಟ್ಟಿಗೆಯ ಸೋಲೇ ಬೇಕಿಲ್ಲ.

ತಮಿಳಿನ ‘ಕರ್ಣನ್’ ನಿನಗೆ ಧೈರ್ಯ ಕೊಡಬೇಕು. ನಮ್ಮ ಬಿ.ಆರ್. ಪಂತುಲು 1964ರಲ್ಲಿ ಶಿವಾಜಿ ಗಣೇಶನ್‌ರನ್ನು ಹಾಕಿ ಮಾಡಿದ ಆ ಅದ್ದೂರಿ ಚಿತ್ರವನ್ನು 2012ರಲ್ಲಿ ಹೊಸದಾಗಿ ಸಜ್ಜುಗೊಳಿಸಿ ಬಿಡುಗಡೆ ಮಾಡಿದಾಗ ಹೊಸ ತಲೆಮಾರಿನವರೂ ಟಾಕೀಸಿಗೆ ನುಗ್ಗಿ ನೋಡಿದರು.

ಕೆಲಸದ ಮಾತು ಒಂದಿಷ್ಟು. ನೀನು ನೋಡಿದ್ದು ಯಾವ ಪ್ರತಿ ಎಂದು ತಿಳಿದುಕೊಳ್ಳದೆ ಬಣ್ಣದ ಬಗ್ಗೆ, ಉದ್ದದ ಬಗ್ಗೆ ತೀರ್ಪು ಕೊಡಬೇಡ. ಜಾನ್ ಹ್ಯೂಸ್ಟನ್ 1967ರಲ್ಲಿ ಟೇಲರ್, ಮರ್ಲನ್ ಬ್ರಾಂಡೊ ಇಬ್ಬರನ್ನೂ ಹಾಕಿ ಮಾಡಿದ ‘ರಿಫ್ಲೆಕ್ಷನ್ಸ್ ಇನ್ ಎ ಗೋಲ್ಡನ್ ಐ’ ಚಿತ್ರಕ್ಕೆ ಇಡಿಯಾಗಿ ಹೊಂಬಣ್ಣದ ಛಾಯೆ ಕೊಟ್ಟಿದ್ದ. ಬಿಡುಗಡೆಯಾದ ಸ್ವಲ್ಪ ಕಾಲಕ್ಕೇ ಸ್ಟುಡಿಯೊದವರು ಆ ಪ್ರತಿಗಳನ್ನು ವಾಪಸು ತೆಗೆದು ಮಾಮೂಲಿ ಬಣ್ಣದವನ್ನು ಕಳಿಸಿದರು. ಎರಡನ್ನೂ ನೋಡಿದವರಿಗೆ ಎರಡು ಬೇರೆ ಸಿನಿಮಾಗಳು. ‘ಕ್ಲಿಯೋಪಾತ್ರಾ’ವಂತೂ ಪ್ರಥಮ ಪ್ರದರ್ಶನದಲ್ಲಿ ನಾಲ್ಕು ಗಂಟೆಯ ಚಿತ್ರ, ಆಮೇಲೆ ಕತ್ತರಿಸುತ್ತಾ ಹೋದರು. ಕಥೆ ಹಾರುತ್ತದೆ ಎಂದು ನಿರ್ದೇಶಕನನ್ನು ದೂರುವ ಮುಂಚೆ ಕತ್ತರಿ ಯಾರ ಕೈಯಲ್ಲಿತ್ತು ಎಂದು ಕೇಳು.

ಒಂದು ದೃಶ್ಯವನ್ನು ಸದ್ದು ನಿಲ್ಲಿಸಿ ನೋಡುವ ಅಭ್ಯಾಸ ಮಾಡಿಕೋ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತದೆ, ತುಂಡು ತುಂಡಾಗಿ ನೋಡಿದರೂ ಚಿಂತೆಯಿಲ್ಲ; ಮತ್ತೆ ಶುರುವಾಗುವವರೆಗೆ ನಿಂತ ಜಾಗದ ಬಗ್ಗೆ ಕೈಯಲ್ಲೇ ನಾಲ್ಕು ಸಾಲು ಬರೆದಿಡು. ‘ಕೆಟ್ಟದಾಗಿರುವುದೇ ಇದರ ಮಜಾ’ ಎಂಬ ಮಾತು ನಿನ್ನ ಲೇಖನದಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲ ಕಡೆ ಹೊಡೆದುಹಾಕು. ಆ ಮಾತಿನ ಹಿಂದೆ ನಿಂತವರಿಗೆ ಸಿನಿಮಾ ಬೇಡ, ಸಿನಿಮಾಕ್ಕಿಂತ ತಾವು ಜಾಣರು ಎಂದು ತೋರಿಸಿಕೊಂಡರೆ ಸಾಕು. ಹಾಗೆಯೇ ‘ಆ ಕಾಲವೇ ಚೆಂದ’ ಎನ್ನುವ ಹಿರಿಯರ ಹಳಹಳಿಕೆಯನ್ನೂ ನಂಬಬೇಡ, ನನ್ನ ವಯಸ್ಸಿನವರು ಹೇಳಿದರೂ ಸರಿ. ಆ ಕಾಲದ ಎಷ್ಟೋ ಸ್ಟಾರ್ ಸಿನಿಮಾಗಳು ಬರೀ ಸೋಮಾರಿತನದಿಂದ ಕೆಟ್ಟವು. ಅಲ್ಲಿ ಹುಡುಕಿದರೂ ಏನೂ ಸಿಗುವುದಿಲ್ಲ. ಸಿಗಲಿಲ್ಲ ಎಂದು ಬರೆ.

ಪತ್ರಿಕೆಯವರು ಇದನ್ನೆಲ್ಲ ಯಾರು ಓದುತ್ತಾರೆ ಎಂದರು ಎಂದು ಬರೆದಿದ್ದೀಯ. ಅಷ್ಟು ದೂರದ ಚಿತ್ರವನ್ನು ಓದುಗ ನೋಡಿರುವುದಿಲ್ಲ, ಅದು ಸರಿ. ನೋಡದವನಿಗೂ ಕಾಣುವ ಹಾಗೆ ಬರೆಯುವುದು ನಿನ್ನ ಜವಾಬ್ದಾರಿ. ನಕ್ಕರೆ ಅವನಿಗೆ ನೀನು ಕಾಣುತ್ತೀಯ, ಸಿನಿಮಾ ಕಾಣುವುದಿಲ್ಲ.

‘ಬೂಮ್’ ಲೇಖನವನ್ನು ಸದ್ಯ ಪಕ್ಕಕ್ಕಿಡು. ಮೊದಲು 1965ರ ‘ಮಿಸ್ ಲೀಲಾವತಿ’ ನೋಡು. ಎಂ.ಆರ್. ವಿಠಲ್ ನಿರ್ದೇಶನ, ಜಯಂತಿ ನಾಯಕಿ. ಆ ಚಿತ್ರದ ಬಗ್ಗೆ ಜಯಂತಿಯವರ ಈಜುಡುಗೆಯೊಂದನ್ನೇ ಜನ ಇವತ್ತಿಗೂ ಆಡಿಕೊಳ್ಳುತ್ತಾರೆ, 2021ರಲ್ಲಿ ಅವರು ತೀರಿಕೊಂಡಾಗಲೂ ಅದನ್ನೇ ನೆನೆದರು. ಆ ದೃಶ್ಯವನ್ನು ದಾಟಿ ಹೋಗು. ಹೊಸ ಕಾಲದ ಹುಡುಗಿ ಎಂದು ಚಿತ್ರ ಅವರಿಗೆ ಎಷ್ಟು ಸ್ವಾತಂತ್ರ್ಯ ಕೊಡುತ್ತದೆ, ಎಷ್ಟನ್ನು ವಾಪಸು ಕಿತ್ತುಕೊಳ್ಳುತ್ತದೆ, ಕಿತ್ತುಕೊಳ್ಳುವಾಗ ಅವರ ಮುಖ ಏನು ಮಾಡುತ್ತದೆ ಎಂದು ನೋಡಿ ಬರೆ. ಅವಸರವಿಲ್ಲ. ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ಕಳಿಸು; ಕೆಂಪು ಪೆನ್ನು ಹಿಡಿದೇ ಓದುತ್ತೇನೆ.

ಮನೆಯಲ್ಲಿ ಎಲ್ಲರಿಗೂ ನಮಸ್ಕಾರ ತಿಳಿಸು.

ಇತಿ
ನಿನ್ನ ಅಕ್ಕ