ಜೀವ ಸಿಕ್ತು ಅಂತ ಮುಖಪುಟಕ್ಕೆ ಹಾಕಿದ್ರಿ, ಮುಂದೇನಾಯ್ತು ಅನ್ನೋದನ್ನೂ ಹಾಕಿ

ಮಾನ್ಯ ಸಂಪಾದಕರೇ,

ಹೋದ ವರ್ಷ ಜೂನಲ್ಲಿ ಸ್ಕೂಲ್ ಶುರುವಾದ ವಾರ ನಮ್ಮ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ನೋಟ್‌ಬುಕ್ಕಿಗೆ ಅಂಟಿಸ್ಕೊಂಡಿದ್ದ ಒಂದು ಪೇಪರ್ ಕಟಿಂಗ್ ತಂದು ತೋರಿಸಿದ್ಲು, 2025ರ ಏಪ್ರಿಲ್‌ದು, ದೂರದ ಗ್ರಹದಲ್ಲಿ ಜೀವ ಪತ್ತೆ ಅಂತ ದಪ್ಪಕ್ಷರದ ಹೆಡ್ಡಿಂಗು, ಪಕ್ಕದಲ್ಲಿ ನೀಲಿ ಗ್ರಹದ ಚಿತ್ರ. ರಜೆಯಲ್ಲಿ ಎರಡು ತಿಂಗಳು ಜೋಪಾನವಾಗಿ ಇಟ್ಕೊಂಡಿದ್ಲು. ಅವಳ ಅಪ್ಪ ಬೋಟಿಗೆ ಹೋಗೋರು. ಆ ಗ್ರಹದ ತುಂಬಾ ಸಮುದ್ರ ಇರಬಹುದು ಅಂತ ಅದರಲ್ಲಿ ಬರೆದಿತ್ತು, ಅದಕ್ಕೇ ಅವಳು ಕೇಳಿದ್ದು, "ಸರ್, ಅಲ್ಲಿ ಬಂಗಡೆ ಇರ್ತದಾ?" ಕ್ಲಾಸಲ್ಲಿ ಯಾರೂ ನಗಲಿಲ್ಲ, ಎಲ್ರೂ ನನ್ನ ಮುಖ ನೋಡ್ತಾ ಕೂತಿದ್ರು. ಆ ಪ್ರಶ್ನೆಗೆ ಉತ್ತರ ಹೇಳೋಕೆ ನನಗೆ ಮೂರು ಪೀರಿಯಡ್ ಬೇಕಾಯ್ತು, ಅಲ್ಲಿಂದ ಇಲ್ಲಿವರೆಗೂ ನಿಮಗೆ ಬರೀಬೇಕು ಅಂತ ಮನಸ್ಸಲ್ಲಿ ಇದ್ದೇ ಇತ್ತು.

ಅದು ಕೆ2-18ಬಿ ಅನ್ನೋ ಗ್ರಹದ ಸುದ್ದಿ. ಸಿಂಹ ರಾಶಿಯ ಕಡೆ ಇರೋದು, ನಮ್ಮಿಂದ 124 ಜ್ಯೋತಿರ್ವರ್ಷ ದೂರ, ಭೂಮಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಅಗಲ, ತೂಕದಲ್ಲಿ ಎಂಟೂವರೆ ಪಟ್ಟು, ಒಂದು ಕೆಂಪು ಕುಬ್ಜ ನಕ್ಷತ್ರದ ಸುತ್ತ 33 ದಿನಕ್ಕೆ ಒಂದು ಸುತ್ತು ಹಾಕುತ್ತೆ. ಬೆಳಕು ಅಲ್ಲಿಂದ ಇಲ್ಲಿಗೆ ಬರೋಕೆ ಬೇಕಾದ 124 ವರ್ಷ ಅಂದ್ರೆ ಎಷ್ಟು ಅಂತ ಮಕ್ಕಳಿಗೆ ಹೇಳೋಕೆ ನಾನು ಹೇಳಿದ್ದಿಷ್ಟೇ, ದೂರದರ್ಶಕಕ್ಕೆ ಈಗ ಬಂದು ಬಿದ್ದ ಆ ಬೆಳಕು ಅಲ್ಲಿಂದ ಹೊರಟಾಗ ಶಿವನಸಮುದ್ರದ ಕರೆಂಟು ಇನ್ನೂ ಕೋಲಾರದ ಚಿನ್ನದ ಗಣಿಗೆ ಬಂದಿರಲಿಲ್ಲ, ಬೆಂಗಳೂರಲ್ಲಿ ಕರೆಂಟಿನ ಬೀದಿದೀಪ ಇರಲಿಲ್ಲ.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡ ಬಾಹ್ಯಾಕಾಶದಲ್ಲಿರೋ ಜೇಮ್ಸ್ ವೆಬ್ ದೂರದರ್ಶಕದಲ್ಲಿ ನೋಡಿ, ಆ ಗ್ರಹದ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಇಲ್ಲಾ ಅದರದ್ದೇ ಜಾತಿಯ ಇನ್ನೊಂದು ಅನಿಲದ ಗುರುತು ಕಂಡಿದೆ ಅಂತ ಹೇಳ್ತು. ಸುಲಭಕ್ಕೆ ಡಿಎಂಎಸ್ ಅನ್ನೋಣ. ನಮ್ಮ ಭೂಮಿಲಿ ಇದು ಹೆಚ್ಚಾಗಿ ಬರೋದು ಸಮುದ್ರದಲ್ಲಿ ತೇಲೋ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಜಾತಿಯ ಜೀವಿಗಳಿಂದ. ಕಡಲ ಗಾಳಿಗೆ ಒಂದು ವಾಸನೆ ಇರುತ್ತಲ್ಲ, ಅದರಲ್ಲಿ ಇದರದ್ದೂ ಪಾಲಿದೆ. ಆ ದಿನ ಬಿಸಿಯೂಟದ ಅಡುಗೆಮನೆಯಲ್ಲಿ ಸಾಂಬಾರಿಗೆ ಕೋಸು ಬೇಯ್ತಾ ಇತ್ತು, ವಾಸನೆ ಕ್ಲಾಸಿನವರೆಗೂ ಬರ್ತಿತ್ತು. ನಾನು ಮಕ್ಕಳಿಗೆ ಹೇಳ್ದೆ, ಈಗ ಮೂಗಿಗೆ ಬಡೀತಿದೆಯಲ್ಲ, ಇದರಲ್ಲೂ ಅದೇ ಡಿಎಂಎಸ್ ಇದೆ ಅಂತ. ಎಲ್ರೂ ಒಟ್ಟಿಗೆ ಮೂಗೆಳೆದು ನೋಡಿದ್ರು. 124 ಜ್ಯೋತಿರ್ವರ್ಷ ದೂರದ ಮಾತು ಒಂದೇ ಕ್ಷಣಕ್ಕೆ ಅಡುಗೆಮನೆಗೆ ಬಂದುಬಿಡ್ತು ನೋಡಿ.

ಮುಂದಿನ ಪ್ರಶ್ನೆ, ಅಲ್ಲಿಗೆ ಹೋಗದೇ ಅಲ್ಲಿನ ಗಾಳಿಲಿ ಏನಿದೆ ಅಂತ ಹೇಗೆ ಗೊತ್ತಾಗುತ್ತೆ ಸರ್ ಅಂತ. ಇದೇ ನನ್ನ ಪ್ರಕಾರ ಇಡೀ ಸುದ್ದಿಯ ಜೀವಾಳ, ಕಟಿಂಗಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಳೇ ಸಿಡಿಯ ಒಂದು ಚೂರು, ರಟ್ಟಿನ ಡಬ್ಬ, ಅದಕ್ಕೆ ಬ್ಲೇಡಲ್ಲಿ ಕೊಯ್ದ ಒಂದು ಸಣ್ಣ ಸೀಳು, ಇಷ್ಟರಲ್ಲೇ ರೋಹಿತ, ಅಂದ್ರೆ ಬೆಳಕು ಬಣ್ಣಬಣ್ಣವಾಗಿ ಬಿಡಿಸಿಕೊಳ್ಳೋದನ್ನ ನೋಡಬಹುದು. ಹಳೇ ಕಾಲದ ತಂತಿ ಬಲ್ಬಿಗೆ ಹಿಡಿದ್ರೆ ಕೆಂಪಿಂದ ನೇರಳೆವರೆಗೂ ಬಣ್ಣ ಒಂದಕ್ಕೊಂದು ಕೂಡಿಕೊಂಡಿರುತ್ತೆ, ಟ್ಯೂಬ್‌ಲೈಟಿಗೆ ಹಿಡಿದ್ರೆ ಅಲ್ಲಲ್ಲಿ ಹಸಿರು, ನೇರಳೆ ಗೆರೆಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತೆ. ಪ್ರತಿ ಅನಿಲಕ್ಕೂ ಅದರದ್ದೇ ಗೆರೆ, ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಗ್ರಹ ತನ್ನ ನಕ್ಷತ್ರದ ಮುಂದೆ ಹಾದು ಹೋಗುವಾಗ ನಕ್ಷತ್ರದ ಬೆಳಕಲ್ಲಿ ಒಂಚೂರು ಗ್ರಹದ ಗಾಳಿಯೊಳಗಿಂದ ತೂರಿ ಬರುತ್ತೆ, ಬರುವಾಗ ಅಲ್ಲಿರೋ ಅನಿಲಗಳು ತಮ್ಮ ತಮ್ಮ ಬಣ್ಣ ನುಂಗಿಕೊಳ್ತವೆ, ಯಾವ ಬಣ್ಣ ಕಮ್ಮಿ ಆಯ್ತು ನೋಡಿ ಯಾವ ಅನಿಲ ಅಂತ ಲೆಕ್ಕ ಹಾಕೋದು. ಆದ್ರೆ ಎಷ್ಟು ಕಮ್ಮಿ ಆಗುತ್ತೆ? ನಕ್ಷತ್ರದ ಬೆಳಕು ಸಾವಿರ ರೂಪಾಯಿ ಅಂದ್ಕೊಳ್ಳಿ, ಇಡೀ ಗ್ರಹ ಅಡ್ಡ ಬಂದಾಗ ಕಮ್ಮಿ ಆಗೋದು ಸುಮಾರು ಮೂರು ರೂಪಾಯಿ, ಅದರಲ್ಲಿ ಗಾಳಿಯ ಗುರುತು ಬರೀ ಪೈಸೆಗಳ ಲೆಕ್ಕ. ಆ ಪೈಸೆಯಲ್ಲಿ ಎಷ್ಟು ನಿಜ, ಎಷ್ಟು ಉಪಕರಣದ ಗದ್ದಲ, ಅಂದ್ರೆ ಅಳತೆಯಲ್ಲಿ ತಾನಾಗೇ ಬರೋ ಏರುಪೇರು, ಅನ್ನೋದೇ ಈಗ ನಡೀತಿರೋ ಜಗಳ.

ಟಿವಿಯಲ್ಲಿ 99.7 ಪರ್ಸೆಂಟ್ ಖಚಿತ ಅಂತ ಕೂಗಿದ್ರಲ್ಲ, ಅದು ಜೀವ ಇರೋದು 99.7 ಪರ್ಸೆಂಟ್ ಖಚಿತ ಅಂತ ಅಲ್ಲವೇ ಅಲ್ಲ. ಡಿಎಂಎಸ್ ಇಲ್ಲದೇನೂ ಬರೀ ಗದ್ದಲದಿಂದ ಇಂಥ ಗುರುತು ಆಕಸ್ಮಿಕವಾಗಿ ಕಾಣೋ ಸಾಧ್ಯತೆ 0.3 ಪರ್ಸೆಂಟ್ ಅಂತ ಅಷ್ಟೇ. ನಾಣ್ಯ ಚಿಮ್ಮಿದಾಗ ಸಾಲಾಗಿ ಒಂಬತ್ತು ಸಲ ಒಂದೇ ಮುಖ ಬಿದ್ದ ಹಾಗೆ, ಅಪರೂಪ, ಆದ್ರೆ ಮಕ್ಕಳು ಕೂತು ಚಿಮ್ಮಿದ್ರೆ ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತೆ. ಕಂಡುಹಿಡಿದಿದ್ದೀವಿ ಅಂತ ವಿಜ್ಞಾನಿಗಳು ಹೇಳಬೇಕಾದ್ರೆ ಆ ಸಾಧ್ಯತೆ ಸುಮಾರು 17 ಲಕ್ಷಕ್ಕೆ ಒಂದು ಅನ್ನೋ ಮಟ್ಟಕ್ಕೆ ಇಳೀಬೇಕು. ಇದನ್ನ ಆ ತಂಡವೇ ಹೇಳಿತ್ತು, ಇನ್ನೂ 16ರಿಂದ 24 ಗಂಟೆ ನೋಡೋಕೆ ಬೇಕು ಅಂತಾನೂ ಹೇಳಿತ್ತು. ಮಧುಸೂದನ್ ಅವರು ಹುಷಾರಾಗಿಯೇ ಮಾತಾಡಿದ್ರು, ಹುಷಾರು ತಪ್ಪಿದ್ದು ನಮ್ಮ ಹೆಡ್ಡಿಂಗುಗಳು.

ಆಮೇಲೆ ಏನಾಯ್ತು? ಆಕ್ಸ್‌ಫರ್ಡಿನ ಜೇಕ್ ಟೇಲರ್ ಅದೇ ಮಾಹಿತಿಯನ್ನ ಬೇರೆ ರೀತಿ ನೋಡಿದಾಗ ಏರಿಳಿತವೇ ಇಲ್ಲದ ನೇರ ಗೆರೆ ಎಳೆದ್ರೂ, ಅಂದ್ರೆ ಯಾವ ಅನಿಲದ ಗುರುತೂ ಇಲ್ಲ ಅಂದ್ಕೊಂಡ್ರೂ, ಅದಕ್ಕೆ ಹೊಂದುತ್ತೆ ಅಂತ ಕಂಡ್ತು. ಬೇರೆ ತಂಡಗಳು ಎಲ್ಲಾ ಮಾಹಿತಿ ಒಟ್ಟು ಸೇರಿಸಿ ನೋಡಿದ್ವು, ಮೀಥೇನ್ ಮತ್ತೆ ಕಾರ್ಬನ್ ಡೈಆಕ್ಸೈಡ್ ನಿಂತ್ವು, ಡಿಎಂಎಸ್‌ಗೆ ಗಟ್ಟಿ ಸಾಕ್ಷಿ ಸಿಗಲಿಲ್ಲ. ಅಷ್ಟೇ ಅಲ್ಲ, ರೊಸೆಟ್ಟಾ ನೌಕೆ ತಂದ ಮಾಹಿತಿಯಲ್ಲಿ 67ಪಿ ಅನ್ನೋ ಧೂಮಕೇತುವಿನಲ್ಲೇ ಡಿಎಂಎಸ್ ಇದೆ ಅಂತ 2024ರಲ್ಲೇ ಗೊತ್ತಾಗಿತ್ತು, ಆ ಹಿಮಗಡ್ಡೆಯಲ್ಲಿ ಪಾಚಿಯೂ ಇಲ್ಲ ಮೀನೂ ಇಲ್ಲ. ಅಂದ್ರೆ ಆ ವಾಸನೆ ಜೀವ ಇಲ್ಲದ ಕಡೆನೂ ಹುಟ್ಟುತ್ತೆ. ಇದ್ಯಾವುದೂ ನಮ್ಮ ಸ್ಕೂಲಿಗೆ ಬರೋ ಪೇಪರಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ನನಗೆ ಬೇಜಾರಾಗಿದ್ದು ಇದಕ್ಕೇ. ಜೀವ ಸಿಕ್ತು ಅಂತ ಮುಖಪುಟದಲ್ಲಿ ಓದಿದ ಮಗು, ಸಿಕ್ಕಿಲ್ಲ ಇನ್ನೂ ಹುಡುಕ್ತಿದಾರೆ ಅನ್ನೋದನ್ನ ಎಲ್ಲೂ ಓದದೇ ದೊಡ್ಡದಾಗುತ್ತೆ, ಇಲ್ಲಾ ಮುಂದೆ ಯಾವತ್ತೋ ಗೊತ್ತಾಗಿ ವಿಜ್ಞಾನಿಗಳೂ ಸುಳ್ಳು ಹೇಳ್ತಾರೆ ಅಂದ್ಕೊಳ್ಳುತ್ತೆ. ಎರಡೂ ಅನ್ಯಾಯವೇ.

ಇನ್ನೊಂದು ಮಾತು. 1990ರ ಡಿಸೆಂಬರಲ್ಲಿ ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆ ಭೂಮಿ ಪಕ್ಕದಲ್ಲೇ ಹಾದು ಹೋದಾಗ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತೆ ಜೊತೆಯವರು ಅದರ ಉಪಕರಣಗಳನ್ನ ನಮ್ಮ ಕಡೆಗೇ ತಿರುಗಿಸಿ, ಏನೂ ಗೊತ್ತಿಲ್ಲದವರ ಹಾಗೆ ನೋಡಿ ಭೂಮಿಲಿ ಜೀವ ಇದೆಯಾ ಅಂತ ಪರೀಕ್ಷೆ ಮಾಡಿದ್ರು, ಆಮ್ಲಜನಕ, ಮೀಥೇನ್, ರೇಡಿಯೋ ಅಲೆ ಎಲ್ಲ ಸಿಕ್ತು. ಅದೇ ತರದ ಕೆಲಸ ನಮ್ಮ ಬೆಂಗಳೂರಿನವರೂ ಮಾಡಿದಾರೆ. ಚಂದ್ರಯಾನ-3ರ ಲ್ಯಾಂಡರ್ 2023ರ ಆಗಸ್ಟ್ 23ಕ್ಕೆ ಇಳಿದಿದ್ದನ್ನ ಮಕ್ಕಳೆಲ್ಲ ನೋಡಿದಾರೆ, ಆದ್ರೆ ಮೇಲೆ ಸುತ್ತುತ್ತಾ ಉಳಿದ ಭಾಗದಲ್ಲಿ ಶೇಪ್ ಅನ್ನೋ ಉಪಕರಣ ಇತ್ತು, ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಮಾಡಿದ್ದು, ಭೂಮಿನೇ ದೂರದ ಗ್ರಹ ಅನ್ನೋ ಹಾಗೆ ನೋಡಿ ಜೀವ ಇರೋ ಗ್ರಹದ ಬೆಳಕು ಹೇಗಿರುತ್ತೆ ಅಂತ ಅಳೆಯೋಕೆ. ಇದನ್ನ ಹೇಳಿದಾಗ ನನ್ನ ಕ್ಲಾಸಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಮ್ಮದೇ ರಾಜ್ಯದ ಸುದ್ದಿ ಇದು ಸರ್, ಇದನ್ನ ಕನ್ನಡದಲ್ಲಿ ನೀವಲ್ಲದೇ ಇನ್ಯಾರು ಬರೀಬೇಕು.

ನನ್ನ ಕೋರಿಕೆ ದೊಡ್ಡದೇನಲ್ಲ. ಇಂಥ ಸುದ್ದಿ ಏಜೆನ್ಸಿಯಿಂದ ಬಂದ ದಿನ ನಕ್ಷತ್ರ, ಗ್ರಹಗಳ ಬಗ್ಗೆ ಸಂಶೋಧನೆ ಮಾಡೋ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗೆ ಒಂದು ಫೋನ್ ಮಾಡಿ, ಕನ್ನಡ ಬಲ್ಲ ವಿಜ್ಞಾನಿಗಳನ್ನ ಕೇಳಿ, ಎಷ್ಟು ಗಟ್ಟಿ ಎಷ್ಟು ಅನುಮಾನ ಅಂತ ಎರಡು ಸಾಲು ಸೇರಿಸಿ. ಆರು ತಿಂಗಳ ಮೇಲೆ ಅದೇ ಗ್ರಹದ ಸುದ್ದಿ ಬದಲಾದ್ರೆ ಅದನ್ನೂ ಮಕ್ಕಳ ಕಣ್ಣಿಗೆ ಬೀಳೋ ಜಾಗದಲ್ಲಿ ಹಾಕಿ.

ಆ ಹುಡುಗಿ ಈಗ ಹತ್ತನೇ ಕ್ಲಾಸು. ಮೊನ್ನೆ ನೋಟ್‌ಬುಕ್ ನೋಡ್ದೆ, ಕಟಿಂಗಿನ ಎದುರು ಪುಟ ಖಾಲಿ ಬಿಟ್ಟಿದಾಳೆ, ಮೇಲ್ಗಡೆ ಪೆನ್ಸಿಲಲ್ಲಿ "ಮುಂದಿನ ಸುದ್ದಿ" ಅಂತ ಬರ್ಕೊಂಡಿದಾಳೆ.

ಇತಿ,
ಒಬ್ಬ ಹೈಸ್ಕೂಲ್ ವಿಜ್ಞಾನ ಶಿಕ್ಷಕ,
ಕುಮಟಾ ತಾಲ್ಲೂಕು, ಉತ್ತರ ಕನ್ನಡ