ಗ್ಯಾಸ್ಟ್ರಿಕ್, ಲಕ್ವಾ: ಹೆಸರಿನ ಮೂಲವನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ ಔಷಧ ಅಂಗಡಿ ನಡೆಸುತ್ತಿರುವ ನಾನು ತಮ್ಮ ಪತ್ರಿಕೆಯ ಆರೋಗ್ಯ ಪುಟದ ಕುರಿತು ಒಂದು ಬೇಡಿಕೆ ಇಡಬಯಸುತ್ತೇನೆ. ರೋಗದ ಲಕ್ಷಣ, ಪಥ್ಯ, ಪರೀಕ್ಷೆಗಳ ವಿವರ ಅಲ್ಲಿ ಬರುತ್ತದೆ. ಆದರೆ ರೋಗದ ಹೆಸರು ಎಲ್ಲಿಂದ ಬಂತು, ಅದು ದೇಹದ ಯಾವ ಭಾಗವನ್ನು ಕುರಿತು ಹೇಳುತ್ತದೆ ಎಂಬುದು ಬರುವುದಿಲ್ಲ. ಇದು ಪಂಡಿತರ ಕುತೂಹಲಕ್ಕೆ ಬಿಟ್ಟ ವಿಷಯವೆಂದು ನನಗನ್ನಿಸುವುದಿಲ್ಲ. ಏಕೆಂದರೆ ನಮ್ಮ ಭಾಗದಲ್ಲಿ ಎರಡು ಹೆಸರುಗಳು ರೋಗಿಯನ್ನು ದವಾಖಾನೆಗೆ ತಡವಾಗಿ ಮುಟ್ಟಿಸುತ್ತಿವೆ.

ಮೊದಲನೆಯದು ಗ್ಯಾಸ್ಟ್ರಿಕ್. "ಎದಿ ಹಿಡಕೊಂಡಂಗ ಆಗೇತ್ರಿ, ಗ್ಯಾಸ್ಟ್ರಿಕ್ ಇರಬೇಕು, ಒಂದ ಗುಳಿಗಿ ಕೊಡ್ರಿ" ಎಂದು ಹಣೆಯ ಬೆವರು ಒರೆಸಿಕೊಳ್ಳುತ್ತ ಕೇಳುವವರು, ಸೋಡಾ ಕುಡಿದು ತೇಗು ಬರಲೆಂದು ಅಲ್ಲೇ ಕಟ್ಟೆಯ ಮೇಲೆ ಕುಳಿತುಕೊಳ್ಳುವವರು ನಮಗೆ ಹೊಸಬರಲ್ಲ. ಗ್ರೀಕ್ ಭಾಷೆಯ 'ಗ್ಯಾಸ್ಟರ್' ಎಂದರೆ ಹೊಟ್ಟೆ. ಗ್ಯಾಸ್ಟ್ರಿಕ್ ಎಂದರೆ ಹೊಟ್ಟೆಗೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ. ಅದೊಂದು ವಿಶೇಷಣ, ಯಾವ ರೋಗದ ಹೆಸರೂ ಅಲ್ಲ. ಉರಿಯೂತವನ್ನು ಸೂಚಿಸುವ 'ಐಟಿಸ್' ಸೇರಿದಾಗ ಮಾತ್ರ ಗ್ಯಾಸ್ಟ್ರೈಟಿಸ್ ಎಂಬ ರೋಗವಾಗುತ್ತದೆ. ಇನ್ನು 'ಗ್ಯಾಸ್' ಎಂಬುದು 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಗ್ರೀಕಿನ 'ಖಾವೊಸ್' ಪದದಿಂದ ರೂಪಿಸಿದ ಬೇರೆಯೇ ಶಬ್ದ. ಕೇಳಲು ಒಂದೇ ರೀತಿ ಇರುವುದರಿಂದ ನಾವು ಎರಡನ್ನೂ ಬೆರೆಸಿದ್ದೇವೆ.

ಹೃದಯದ ನೋವನ್ನು ಹೊಟ್ಟೆಯದೆಂದು ತಿಳಿಯುವ ಈ ಗೊಂದಲ ನಮ್ಮದೊಂದೇ ಅಲ್ಲ ಎಂಬುದು ಸ್ವಾರಸ್ಯಕರ. ಪ್ರಾಚೀನ ಗ್ರೀಕರು 'ಕಾರ್ಡಿಯಾ' ಎಂಬ ಪದವನ್ನು ಹೃದಯಕ್ಕೂ, ಜಠರದ ಬಾಯಿಗೂ ಬಳಸುತ್ತಿದ್ದರು; ಅನ್ನನಾಳ ಜಠರವನ್ನು ಕೂಡುವ ಜಾಗಕ್ಕೆ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವ ಹೆಸರು ಕಾರ್ಡಿಯಾ ಎಂದೇ. ಹೃದಯ ಮತ್ತು ಅನ್ನನಾಳದ ನೋವಿನ ಸಂದೇಶಗಳು ಬೆನ್ನುಹುರಿಯ ಹೆಚ್ಚುಕಡಿಮೆ ಅದೇ ಭಾಗಕ್ಕೆ ತಲುಪುವುದರಿಂದ ರೋಗಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಅದನ್ನು ತಿಳಿಯಲು ಇಸಿಜಿ ಬೇಕು, ರಕ್ತಪರೀಕ್ಷೆ ಬೇಕು. ನನ್ನ ಅಂಗಡಿಯ ಗುಳಿಗೆಯಿಂದ ಅದು ಆಗುವ ಕೆಲಸವಲ್ಲ.

ಎರಡನೆಯದು ಲಕ್ವಾ. ಇದು ಅರಬ್ಬಿ ಪದ. ಯುನಾನಿ ವೈದ್ಯದಲ್ಲಿ ಲಕ್ವಾ ಎಂದರೆ ಮುಖದ ಒಂದು ಬದಿ ಸೊಟ್ಟಗಾಗುವುದು. ದೇಹದ ಅರ್ಧಭಾಗ ಸ್ವಾಧೀನ ತಪ್ಪುವುದಕ್ಕೆ ಫಾಲಿಜ್ ಎಂಬ ಪ್ರತ್ಯೇಕ ಹೆಸರಿದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಶ್ತಾ ಪಾರಸಿಯಲ್ಲಿ ವೈದ್ಯಗ್ರಂಥವನ್ನೂ ಬರೆದ ಊರು ನಮ್ಮದು. ಅಂಥ ಊರಿನಲ್ಲೇ ಫಾಲಿಜ್ ಮರೆಯಾಗಿ ಎರಡಕ್ಕೂ ಲಕ್ವಾ ಉಳಿದಿದೆ. ಪುಸ್ತಕದ ಕನ್ನಡದಲ್ಲಿರುವ ಪಾರ್ಶ್ವವಾಯು ಎಂಬುದು ಪಕ್ಕವನ್ನೂ ವಾಯುವನ್ನೂ ಹೇಳುತ್ತದೆ. ತೊಂದರೆ ಇರುವುದು ಮಿದುಳಿನಲ್ಲಿ ಎಂಬ ಮುಖ್ಯ ಸಂಗತಿ ಲಕ್ವಾ, ಪಾರ್ಶ್ವವಾಯು ಎರಡೂ ಹೆಸರುಗಳಲ್ಲಿ ಇಲ್ಲ. ಹಾಗಾಗಿಯೇ ಕೈಕಾಲಿಗೆ ಎಣ್ಣೆ ತಿಕ್ಕಿಸಲು, ನಾಟಿ ಔಷಧ ಕೊಡಿಸಲು ಮೊದಲು ಓಡುತ್ತಾರೆ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿಕೊಂಡ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕೊಡಬೇಕು. ಇಂಡಿ, ಸಿಂದಗಿ ಕಡೆಯ ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬರುವಷ್ಟರಲ್ಲೇ ಆ ಅವಧಿಯ ಒಂದು ಪಾಲು ಕಳೆದಿರುತ್ತದೆ.

ಆದ್ದರಿಂದ ವಾರಕ್ಕೊಂದು ರೋಗದ ಹೆಸರನ್ನು ಬಿಡಿಸಿ ಹೇಳುವ ಚಿಕ್ಕ ಅಂಕಣವನ್ನು, ಸಾಧ್ಯವಾದರೆ ಈ ಭಾಗದ ವೈದ್ಯರಿಂದಲೇ ಬರೆಸಿ, ತಾವು ಪ್ರಕಟಿಸಬೇಕು. ಇದಕ್ಕಾಗಿ ಹೊಸ ಸಂಸ್ಕೃತ ಪದಗಳನ್ನು ಟಂಕಿಸುವುದು ಬೇಡ. ಅವು ಶಬ್ದಕೋಶ ದಾಟಿ ಹೊರಬರುವುದು ಅಪರೂಪ. ಜನರ ಬಾಯಲ್ಲಿರುವ ಲಕ್ವಾ ಹಾಗೆಯೇ ಇರಲಿ, ಅದರ ಪಕ್ಕದಲ್ಲಿ 'ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಅಥವಾ ಒಡೆಯುವುದು' ಎಂದು ಪ್ರತಿ ಬಾರಿಯೂ ಮುದ್ರಿಸಿ.

– ಔಷಧ ವ್ಯಾಪಾರಿ, ವಿಜಯಪುರ